ಕಾಣೋ ಚೀಲ

ಆ ಕಾರ್ಖಾನೆಗೆ ಎರಡು ಗೇಟು. ಮುಂದಿನ ಗೇಟಿನಲ್ಲಿ ಆಫೀಸಿನವರು ಹೋಗುತ್ತಿದ್ದರು. ಅವರ ಹೆಗಲಲ್ಲಿ ಚರ್ಮದ ಬ್ಯಾಗು. ಅದರೊಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಿಂದಿನ ಗೇಟಿನಲ್ಲಿ ಹೊಲಿಯುವ ಹೆಂಗಸರು ಹೋಗುತ್ತಿದ್ದರು. ಅವರ ಕೈಯಲ್ಲಿ ಗಾಜಿನಂಥ ಪ್ಲಾಸ್ಟಿಕ್ ಚೀಲವೇ ಇರಬೇಕು. ಬೇರೆ ಚೀಲ ನಡೆಯುತ್ತಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಒಬ್ಬಳು ದಾರದ ಉಂಡೆ ಕದ್ದಳಂತೆ. ಅವಳನ್ನು ಕಂಡವರು ಯಾರೂ ಈಗ ಅಲ್ಲಿಲ್ಲ. ಆದರೂ ಅವಳ ಪಾಪಕ್ಕೆ ಉಳಿದವರೆಲ್ಲ ತಮ್ಮ ಸಂಸಾರವನ್ನು ಊರಿಗೆಲ್ಲ ಕಾಣುವಂತೆ ಹಿಡಿದುಕೊಂಡು ಓಡಾಡಬೇಕಾಗಿತ್ತು.

ಹೆಂಗಸರು ಅದಕ್ಕೆ ಕಾಣೋ ಚೀಲ ಎಂದು ಹೆಸರಿಟ್ಟಿದ್ದರು.

ಕಾಣೋ ಚೀಲದಲ್ಲಿ ಎಲ್ಲವೂ ಕಾಣುತ್ತಿತ್ತು. ಯಾರ ಡಬ್ಬಿ ಅರ್ಧ ಖಾಲಿ, ಯಾರಿಗೆ ಯಾವ ಕಾಯಿಲೆಯ ಮಾತ್ರೆ, ಯಾರು ಈ ವಾರ ಮುಟ್ಟಾಗಿದ್ದಾಳೆ. ಕಾರ್ಖಾನೆಯ ಪಾಯಿಖಾನೆಯಲ್ಲಿ ಕಸದ ಬುಟ್ಟಿ ಇರಲಿಲ್ಲ. ಬಟ್ಟೆಯೋ ಪ್ಯಾಡೋ ಅಲ್ಲಿ ಎಸೆದರೆ ಪೈಪು ಕಟ್ಟುತ್ತದೆ, ಅವರವರದ್ದನ್ನು ಅವರವರೇ ಮನೆಗೆ ಒಯ್ಯಬೇಕು ಎಂದು ಹುಕುಂ ಆಗಿತ್ತು. ಪೇಪರಿನಲ್ಲಿ ಸುತ್ತಿ ಒಯ್ಯುವಂತಿಲ್ಲ. ಪೊಟ್ಟಣ ಕಂಡರೆ ಗೇಟಿನಲ್ಲಿ ಬಿಚ್ಚಿಸುತ್ತಿದ್ದರು. ಹಾಗಾಗಿ ಬೆಳಿಗ್ಗೆ ಬಿಳಿದಾಗಿ ಹೋದದ್ದು ಸಂಜೆ ಕೆಂಪಗೆ ಹೊರಗೆ ಬರುತ್ತಿತ್ತು. ಗೇಟಿನಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ, ಕಣ್ಣಿದ್ದವರಿಗೆಲ್ಲ ಕಾಣುವಂತೆ.

ಅಲ್ಲಿ ತಯಾರಾಗುತ್ತಿದ್ದದ್ದೂ ಚೀಲಗಳೇ. ಪದರದ ಮೇಲೆ ಪದರ ಬಟ್ಟೆ ಇಟ್ಟು ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿದ ಮೆತ್ತನೆಯ ಚೀಲಗಳು. ಎಲ್ಲಿಗೋ ಹಡಗು ಹತ್ತಿ ಹೋಗುತ್ತಿದ್ದವು. ತಮಾಷೆಯೆಂದರೆ, ಅಲ್ಲಿದ್ದ ಹೆಂಗಸರಲ್ಲಿ ಒಬ್ಬಳೂ ಪೂರ್ತಿ ಚೀಲ ಹೊಲಿದವಳಲ್ಲ. ಒಬ್ಬಳು ತಳ ಹೊಲಿಯುತ್ತಿದ್ದಳು. ಒಬ್ಬಳು ಜೇಬು. ಒಬ್ಬಳು ಜಿಪ್ಪು. ಇನ್ನೊಬ್ಬಳು ಹಿಡಿಕೆ. ಆ ಹಿಡಿಕೆಯವಳು ಮದುವೆಯಾದ ಹೊಸದರಲ್ಲಿ ಕೆಲಸಕ್ಕೆ ಸೇರಿದವಳು. ಮಗ ಹುಟ್ಟಿದ, ಗಂಡ ಸತ್ತ, ಮಗನಿಗೆ ಮದುವೆಯಾಯಿತು, ತಲೆ ನೆರೆಯಿತು. ಅವಳು ಹಿಡಿಕೆಯನ್ನೇ ಹೊಲಿಯುತ್ತಿದ್ದಳು. ಎಲ್ಲರ ಬಾಯಲ್ಲಿ ಹಿಡಿಕೆಯಕ್ಕ ಎಂದೇ ಆಗಿಹೋಗಿದ್ದಳು. ಬಲಭುಜ ಎಡಭುಜಕ್ಕಿಂತ ಕೆಳಗೆ ಜೋತಿತ್ತು. ಪೆಡಲು ಒತ್ತಿ ಒತ್ತಿ ಪಾದ ಊದಿತ್ತು. ಅಷ್ಟು ಹಿಡಿಕೆ ಹೊಲಿದವಳಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಪ್ಲಾಸ್ಟಿಕ್ಕು.

ಒಂದು ವರ್ಷ ಮಗ ಗೋದಾಮಿನಲ್ಲಿ ಮೂಟೆಯ ಕೆಳಗೆ ಸಿಕ್ಕಿ ಸೊಂಟ ಮುರಿದುಕೊಂಡು ಮಲಗಿದ. ಸೊಸೆ ಕೆಲಸಕ್ಕೆ ಹೊರಡಬೇಕಾಯಿತು. ಹಿಡಿಕೆಯಕ್ಕನೇ ಕೇಳಿಕೊಂಡು ತನ್ನ ಕಾರ್ಖಾನೆಯಲ್ಲೇ ದಾರ ಕತ್ತರಿಸುವ ಕೆಲಸಕ್ಕೆ ಸೇರಿಸಿದಳು. ಮಾತು ಕಡಿಮೆಯ ಹುಡುಗಿ. ಯಾರಾದರೂ ಜೋರಾಗಿ ಕೂಗಿದರೆ ಕುತ್ತಿಗೆ ಒಳಕ್ಕೆ ಎಳೆದುಕೊಳ್ಳುತ್ತಿದ್ದಳು.

ಸೇರಿದ ಹೊಸದರಲ್ಲೇ ಒಂದು ಸಂಜೆ ಹಿಂದಿನ ಗೇಟಿನಲ್ಲಿ ಪಾಳಿ ಸಾಹೇಬ ನಿಂತಿದ್ದ. ಪಾಳಿಯ ಜನರನ್ನೆಲ್ಲ ನೋಡಿಕೊಳ್ಳುವವನು ಅವನೇ. ತಪಾಸಣೆ ಮಾಡಲು ಗೇಟಮ್ಮ ಇದ್ದಳು, ಖಾಕಿ ಬಟ್ಟೆಯ ಹೆಂಗಸು. ಆದರೂ ಅವನಿಗೆ ಅಲ್ಲಿ ನಿಲ್ಲುವ ಚಟ. ಸೊಸೆಯ ಚೀಲವನ್ನು ಅವನು ಪೆನ್ನಿನ ತುದಿಯಿಂದ ಮೇಲಕ್ಕೆ ಎತ್ತಿದ.

"ಏನಮ್ಮಾ, ಮಾಂಸದ ಅಂಗಡಿ ಇಟ್ಟಿದ್ಯಾ?"

ಪಕ್ಕದ ಸಾಲಿನಲ್ಲಿ ಬಟ್ಟೆ ಕತ್ತರಿಸುವ ಗಂಡಸರು ನಿಂತಿದ್ದರು. ಒಬ್ಬ ನಕ್ಕ. ಒಬ್ಬ ನಕ್ಕ ಮೇಲೆ ಉಳಿದವರೂ ನಕ್ಕರು. ಸೊಸೆ ಚೀಲವನ್ನು ಕಸಿದುಕೊಂಡು ಹೊಟ್ಟೆಗೆ ಒತ್ತಿಕೊಂಡಳು. ಮನೆ ಬರುವವರೆಗೂ ಹಾಗೇ ಒತ್ತಿಕೊಂಡಿದ್ದಳು.

"ಅಭ್ಯಾಸ ಆಗುತ್ತೆ ಕಣೇ," ಎಂದಳು ಹಿಡಿಕೆಯಕ್ಕ.

"ನಿಮಗೆ ಆಗಿದ್ಯಾ ಅತ್ತೆ?"

ಬಸ್ಸಿನಲ್ಲಿ ಯಾವಾಗಲೂ ಕಿಟಕಿಯ ಮೂಲೆಗೇ ನಿಲ್ಲುತ್ತಿದ್ದದ್ದು ಯಾಕೆ, ಬೆನ್ನು ಇಷ್ಟು ಬಾಗಿದ್ದು ಯಾಕೆ ಎಂದು ಹಿಡಿಕೆಯಕ್ಕನಿಗೆ ಆಗ ಹೊಳೆಯಿತು. ಚೀಲ ಮುಚ್ಚಲು ಮೈಯನ್ನೇ ಮಡಿಸಿ ಮಡಿಸಿ ಮೈ ಹಾಗೇ ನಿಂತುಬಿಟ್ಟಿತ್ತು.

"ಹೋಗು, ಕಾಲು ತೊಳಕೋ," ಎಂದಳು.

ಅಂದಿನಿಂದ ಸೊಸೆ ಕಾರ್ಖಾನೆಯಲ್ಲಿ ನೀರು ಕುಡಿಯುವುದು ಬಿಟ್ಟಳು. ನೀರು ಕುಡಿದರೆ ಪಾಯಿಖಾನೆಗೆ ಹೋಗಬೇಕು. ಹೋದರೆ ಬಟ್ಟೆ ಬದಲಿಸಬೇಕು. ಬದಲಿಸಿದರೆ ಒಯ್ಯಬೇಕು. ಅದಕ್ಕಿಂತ ಒಂದೇ ಬಟ್ಟೆಯಲ್ಲಿ ದಿನವಿಡೀ ಕೂರುವುದೇ ವಾಸಿ ಎಂದುಕೊಂಡಳು. ತೊಡೆಯ ಚರ್ಮ ಸುಲಿಯಿತು. ಆಮೇಲೆ ಉರಿಮೂತ್ರ, ಜ್ವರ. ಜ್ವರದಲ್ಲೂ ಕೆಲಸಕ್ಕೆ ಹೋದಳು. ಒಂದು ಮಧ್ಯಾಹ್ನ ದಾರದ ರಾಶಿಯ ಮೇಲೇ ಕುಸಿದಳು.

ಆ ಭಾನುವಾರ ಹಿಡಿಕೆಯಕ್ಕ ಟ್ರಂಕಿನ ಬಾಯಿ ತೆಗೆದಳು.

ಗಂಡನ ಒಂದು ದಪ್ಪ ಪ್ಯಾಂಟು ಇತ್ತು, ಮೊಣಕಾಲು ಸವೆದದ್ದು. ಅದು ಹೊರಗಿನ ಪದರಕ್ಕೆ. ಹರಿದು ಜಾಳಾದ ಹೊದಿಕೆಯೊಂದಿತ್ತು. ಅದನ್ನು ಎರಡಾಗಿ ಮಡಿಸಿದರೆ ನಡುವಿನ ಪದರ. ಸೊಸೆಯ ಹಳೆಯ ಹೂವಿನ ಅಂಗಿ ಒಳಗಿನ ಪದರ. ಮೂರನ್ನೂ ನೆಲದ ಮೇಲೆ ಹರಡಿ, ಸವೆದ ಸೋಪಿನ ಚೂರು ಹಿಡಿದು ಕೂತಳು. ಕೂತೇ ಇದ್ದಳು. ಚೀಲ ಎಲ್ಲಿಂದ ಶುರುವಾಗುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಗೊತ್ತಿದ್ದದ್ದರಿಂದಲೇ ಶುರು ಮಾಡಿದಳು. ಮೊದಲು ಹಿಡಿಕೆ ಹೊಲಿದಳು. ಆಮೇಲೆ ಆ ಹಿಡಿಕೆಗೆ ಒಂದು ಚೀಲ ಹುಡುಕಿದಳು.

ಕಾರ್ಖಾನೆಯ ಚೀಲಗಳ ಮೇಲೆ ಚೌಕ ಚೌಕ ಹೊಲಿಗೆ ಇರುತ್ತಿತ್ತು. ಅದು ಇವಳಿಗೆ ಬೇಡವಾಗಿತ್ತು. ಭಾರ ಜಗ್ಗುವುದು ಹಿಡಿಕೆಯ ಬುಡದಲ್ಲಿ. ಅಲ್ಲಿಂದಲೇ ಹೊಲಿಗೆ ಹೊರಟು, ಗಿಡದ ಬೇರಿನ ಹಾಗೆ ಕವಲೊಡೆದು ತಳದವರೆಗೆ ಇಳಿಯಬೇಕು ಎಂದುಕೊಂಡಳು. ಮೆಷಿನ್ನು ಮನೆಯಲ್ಲಿಲ್ಲ. ಸೂಜಿಯಲ್ಲೇ ಹೊಲಿದಳು. ಮೂರು ಪದರ ದಾಟುವಾಗ ಸೂಜಿಯ ಹಿಂಬದಿ ಬೆರಳಿಗೆ ಚುಚ್ಚುತ್ತಿತ್ತು. ಚಿಂದಿ ಸುತ್ತಿಕೊಂಡು ಒತ್ತಿದಳು.

ಹೊಲಿಯುತ್ತಾ ಅವಳು ಗೇಟಿನ ಬಗ್ಗೆ ಯೋಚಿಸುತ್ತಿದ್ದಳು. ಅವರಿಗೆ ಕಾಣಬೇಕು. ಇವರಿಗೆ ಮಾನ ಉಳಿಯಬೇಕು. ಎರಡಕ್ಕೂ ಒಂದೇ ಚೀಲ ಆಗಬೇಕು. ಹಾಗಾಗಿ ಪಕ್ಕಗಳನ್ನು ಹೊಲಿಯದೆ ಬಿಟ್ಟು ಅಲ್ಲಿ ಲಾಡಿ ಇಟ್ಟಳು. ಲಾಡಿ ಬಿಚ್ಚಿದರೆ ಚೀಲ ಪುಸ್ತಕದ ಹಾಗೆ ಅಂಗೈ ಮೇಲೆ ಪೂರ್ತಿ ತೆರೆದುಕೊಳ್ಳಬೇಕು. ಒಂದು ಕಡೆ ಡಬ್ಬಿಯ ಜೇಬು. ಇನ್ನೊಂದು ಕಡೆ ಮುಚ್ಚಳವಿದ್ದ ಜೇಬು. ಎದುರಿಗೆ ನಿಂತು ತಪಾಸಣೆ ಮಾಡುವವಳಿಗೆ ಎಲ್ಲ ಕಾಣುತ್ತದೆ. ಬೀದಿಗೆ ಕಾಣುವುದಿಲ್ಲ.

ಮೊದಲ ಸಲ ಜೇಬಿನಲ್ಲಿ ಡಬ್ಬಿ ಹಿಡಿಸಲಿಲ್ಲ. ಬಿಚ್ಚಿದಳು. ಎರಡನೆಯ ಸಲ ಲಾಡಿ ತಿರುವಿಕೊಂಡಿತು. ಅದನ್ನೂ ಬಿಚ್ಚಿದಳು.

ಮಲಗಿದ್ದಲ್ಲಿಂದ ಮಗ ಕೇಳಿದ. "ಅಮ್ಮಾ, ಹೊಲೀತಿದ್ದೀಯೋ, ಬಿಚ್ತಿದ್ದೀಯೋ?"

"ಸುಮ್ನೆ ಬಿದ್ಕೊಳೋ. ಹೆತ್ತಮೇಲೆ ತಿದ್ದೋಕಾಗಲ್ಲ, ಹೊಲಿದಮೇಲೆ ತಿದ್ಬೋದು."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಚೀಲ ಮುಗಿಯುವುದಕ್ಕೆ ಇನ್ನೂ ಕೆಲವು ಸಂಜೆಗಳು ಹಿಡಿದವು. ಮುಗಿದ ಚೀಲವನ್ನು ಹಿಡಿಕೆಯಕ್ಕ ಒಮ್ಮೆ ಎತ್ತಿ ಹಿಡಿದು ನೋಡಿದಳು. ಒಂದು ಹಿಡಿಕೆ ಕೂದಲೆಳೆಯಷ್ಟು ಉದ್ದ ಬಂದಿತ್ತು. ಇರಲಿ ಎಂದುಕೊಂಡಳು. ಪೂರ್ತಿ ಚೀಲ. ತಳ, ಜೇಬು, ಹಿಡಿಕೆ, ಎಲ್ಲ ಅವಳದ್ದೇ.

"ತಗೋ," ಎಂದು ಸೊಸೆಯ ಮಡಿಲಿಗೆ ಹಾಕಿದಳು.

ಮರುದಿನ ಗೇಟಮ್ಮ ತಡೆದಳು. "ಬಟ್ಟೆ ಚೀಲ ಬಿಡಂಗಿಲ್ಲ. ನಿಂಗೊತ್ತಿಲ್ವಾ ಹಿಡಿಕೆಯಕ್ಕ? ಯಾಕೆ ನನ್ನ ತಲೆಗೆ ತರ್ತೀಯ?"

ಹಿಡಿಕೆಯಕ್ಕ ಲಾಡಿ ಬಿಚ್ಚಿ ಚೀಲವನ್ನು ಅವಳ ಕೈಮೇಲೆ ಅಗಲಿಸಿದಳು. "ಮುಚ್ಚಳ ಎತ್ತಿ ನೋಡು. ಇನ್ನೇನಾದ್ರೂ ಉಳೀತಾ ನೋಡೋಕೆ?"

ಗೇಟಮ್ಮ ಎತ್ತಿ ನೋಡಿದಳು. ಮುಚ್ಚಿದಳು. ದಿನಕ್ಕೆ ಎಷ್ಟೋ ಹೆಂಗಸರ ಮೈ ತಡವಿ ತಡವಿ ಅವಳ ಕೈಗೂ ಸಾಕಾಗಿತ್ತು. "ನೀನೇ ಹೊಲ್ದಿದ್ದಾ?" ಎಂದಳು. "ಹೋಗು ಹೋಗು, ಲೈನು ನಿಂತಿದೆ."

ಜಿಪ್ಪು ಕೂರಿಸುವವಳು ಹಿಡಿಕೆಯಕ್ಕನ ಪಕ್ಕದ ಮೆಷಿನ್ನಿನವಳು. ಹಲ್ಲು ಹೋದರೂ ಬಾಯಿ ಹೋಗಿರಲಿಲ್ಲ. ಚೀಲವನ್ನು ತಿರುವಿ ಮುರುವಿ ನೋಡಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು. ನಿಮ್ಮನೇಲಿ ಸೊಸೆಗೊಂದು ಚೀಲ! ನಂಗೂ ಒಬ್ಳು ಅತ್ತೆ ಇದ್ಲು, ಹೊಲಿದಿದ್ದು ಬರೀ ನನ್ನ ಬಾಯಿ," ಎಂದಳು. ಆಮೇಲೆ ದನಿ ತಗ್ಗಿಸಿ, "ನಂಗೂ ಅಳತೆ ಹೇಳಿಕೊಡೇ," ಎಂದಳು.

ಇನ್ನೂ ಕೆಲವರು ಕೇಳಿದರು. ಸೊಸೆ ಬಾಟಲಿಯಲ್ಲಿ ನೀರು ಒಯ್ಯತೊಡಗಿದಳು. ಕುಡಿಯತೊಡಗಿದಳು.

ಒಂದು ಸಂಜೆ ಪಾಳಿ ಸಾಹೇಬ ಮತ್ತೆ ಗೇಟಿಗೆ ಬಂದ.

"ಏನದು?"

ಸೊಸೆ ನಿಂತಳು. ಕುತ್ತಿಗೆ ಒಳಕ್ಕೆ ಹೋಯಿತು. ಹಿಂದೆ ಇದ್ದ ಹಿಡಿಕೆಯಕ್ಕ ಮುಂದೆ ಬಂದಳು.

"ನಾನು ಹೊಲ್ದಿದ್ದು ಸಾರ್. ಹಿಂಗೆ ಬಿಚ್ಚಿದ್ರೆ ಎಲ್ಲ ಕಾಣುತ್ತೆ."

ಅವನು ಚೀಲ ತೆಗೆದುಕೊಂಡ. ಬೇರಿನಂಥ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಒಳಗೆ ನೋಡಲಿಲ್ಲ.

"ಈ ಡಿಸೈನು ಎಲ್ಲಿಂದ ಕದ್ದೆ?"

"ನಂದೇ ಸಾರ್."

"ನಿಂದು? ಹಿಡಿಕೆ ಬಿಟ್ರೆ ಏನು ಗೊತ್ತೇ ನಿಂಗೆ? ನಮ್ಮ ಮಾಲು ನೋಡಿ ನೋಡಿ ಮಾಡಿದೀಯ. ಪದರದ ಒಳಗೆ ಏನು ತುಂಬಿದೀಯ?"

"ಹಳೇ ಹೊದಿಕೆ."

"ಹಂಗಂತ ನೀನು ಹೇಳ್ತೀಯ. ಕಳ್ಳಿ ಏನಾದ್ರೂ ಕಳ್ಳಿ ಅಂತ ಹೇಳ್ಕೋತಾಳಾ?" ಅವನು ಗೇಟಮ್ಮನ ಮೇಜಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು ಹಿಡಿಕೆಯಕ್ಕನ ಎದುರು ಚಾಚಿದ. "ಬಿಚ್ಚು. ಇಲ್ಲೇ, ಎಲ್ಲರ ಮುಂದೆ."

ಹಿಂದೆ ಸಾಲು ನಿಂತಿತ್ತು. ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಅವಳು ಆ ಕೊಕ್ಕೆಯನ್ನು ನೋಡಿದಳು. ಅದು ಅವಳಿಗೆ ಹೊಸದಲ್ಲ. ಹೊಲಿಗೆ ಡೊಂಕು, ಬಿಚ್ಚು ಎಂದಾಗ ಬಿಚ್ಚಿದ್ದಳು. ಹೊಲಿಗೆ ಸರಿ ಇದೆ, ಆದರೂ ಬಿಚ್ಚು ಎಂದಾಗಲೂ ಬಿಚ್ಚಿದ್ದಳು. ಊಟದ ಬೆಲ್ಲು ಹೊಡೆದ ಮೇಲೆ ಕೂತು ಬಿಚ್ಚಿದ್ದಳು. ಗಂಡ ಸತ್ತ ವಾರ ಕಣ್ಣು ಕಾಣದೆ ಹೊಲಿದದ್ದನ್ನು ಬೈಸಿಕೊಂಡು ಬಿಚ್ಚಿದ್ದಳು.

"ಬಿಚ್ಚಲ್ಲ," ಎಂದಳು.

"ಏನಂದೆ?"

"ಬಿಚ್ಚಲ್ಲ."

ಅದನ್ನು ಆಮೇಲೆ ಜನ ಧೈರ್ಯ ಎಂದರು. ಏನು ಧೈರ್ಯ ಇತ್ತು ಅಲ್ಲಿ? ಅವಳಿಗೆ ಸುಸ್ತಾಗಿತ್ತು. ಆ ಕೊಕ್ಕೆ ಹಿಡಿಯಲು ಕೈ ಎತ್ತಬೇಕಿತ್ತು. ಕೈ ಏಳಲಿಲ್ಲ. ಇಷ್ಟು ವರ್ಷ ಎದ್ದ ಕೈ ಅಂದು ಏಳುವುದಿಲ್ಲ ಎಂದಿತು. ಅವಳೂ ಅದನ್ನು ಒತ್ತಾಯ ಮಾಡಲಿಲ್ಲ.

"ಹಂಗಾದ್ರೆ ನಾಳೆಯಿಂದ ಬರೋದು ಬೇಡ," ಎಂದ ಪಾಳಿ ಸಾಹೇಬ. ಕೊಕ್ಕೆಯನ್ನು ಸೊಸೆಯ ಕಡೆ ತಿರುಗಿಸಿದ. "ನೀನು ಬಿಚ್ಚು. ಇಲ್ಲಾಂದ್ರೆ ನೀನೂ ಬೇಡ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆಯಾದರೂ ಏನೆಂದು ಹೇಳುವುದು? ಮನೆಯಲ್ಲಿ ಮಲಗಿದವನು ಒಬ್ಬ. ದುಡಿಯುವ ಇಬ್ಬರಲ್ಲಿ ಒಬ್ಬಳ ಕೆಲಸ ಈಗಷ್ಟೇ ಹೋಗಿತ್ತು.

ಸೊಸೆ ಕೊಕ್ಕೆ ತೆಗೆದುಕೊಂಡಳು. ನೆಲದ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಕೆಯ ಬುಡದಿಂದ ಬಿಚ್ಚತೊಡಗಿದಳು. ಒತ್ತಾದ ಹೊಲಿಗೆ. ಸುಲಭಕ್ಕೆ ಬರಲಿಲ್ಲ. ಟಿಕ್ ಟಿಕ್ ಎಂದು ದಾರ ಕಡಿಯುವ ಸದ್ದು ಸಾಲಿನ ಕೊನೆಯವರೆಗೂ ಕೇಳುತ್ತಿತ್ತು. ಪದರಗಳು ಬೇರೆಯಾದವು. ನಡುವಿನಿಂದ ಹೊದಿಕೆಯ ತುಂಡು ಜಾರಿ ಬಿತ್ತು. ಮಾಸಲು ಬಣ್ಣದ್ದು, ಅಲ್ಲಲ್ಲಿ ಕಲೆ.

ಪಾಳಿ ಸಾಹೇಬ ಅದನ್ನು ಬೂಟಿನ ತುದಿಯಿಂದ ಹೊರಳಿಸಿದ. ಏನೂ ಇರಲಿಲ್ಲ.

"ಆಯ್ತು, ಹೋಗಿ," ಎಂದ. ದೊಡ್ಡ ಉಪಕಾರ ಮಾಡಿದವನ ಹಾಗೆ.

ಮನೆಗೆ ಬಂದ ಮೇಲೆ ಸೊಸೆ ಒಲೆಯ ಮುಂದೆ ಹೋಗಲಿಲ್ಲ. ಗೋಡೆಗೆ ಒರಗಿ ಕೂತು ಅತ್ತಳು. "ಬೈಯ್ರಿ ಅತ್ತೆ. ಒಂದು ಸಲ ಬೈದುಬಿಡಿ. ಹೊಡೀರಿ ಬೇಕಾದ್ರೆ."

"ಬೈಯೋಕೂ ತ್ರಾಣ ಬೇಕಲ್ವೇನೇ."

"ನಿಮ್ಮ ಕೈಕೆಲಸ ನನ್ನ ಕೈಯ್ಯಾರೆ..."

"ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಬಿಚ್ತಿದ್ದೆ. ನಿನ್ನ ವಯಸ್ಸಲ್ಲಿ ನಾನು ಬಿಚ್ಚಿದ್ದು ಚೀಲ ಒಂದೇ ಅಲ್ಲ ಕಣೇ." ಹಿಡಿಕೆಯಕ್ಕ ಊದಿದ ಪಾದವನ್ನು ಕೈಯಿಂದ ಎತ್ತಿ ಇನ್ನೊಂದು ತೊಡೆಯ ಮೇಲಿಟ್ಟುಕೊಂಡಳು. "ಅವನ ಕೈಗೆ ಅದು ಗಲೀಜು ಅನ್ನಿಸ್ತು ನೋಡು. ಕೈಯಲ್ಲಿ ಮುಟ್ಟಲಿಲ್ಲ. ಬೂಟಲ್ಲಿ ಮುಟ್ಟಿದ. ಅವತ್ತೂ ಪೆನ್ನಲ್ಲೇ ತಾನೇ ಎತ್ತಿದ್ದು? ನೋಡಬೇಕು ಅಂತಾನೆ, ಮುಟ್ಟೋಕೆ ಹೇಸ್ತಾನೆ."

ಸೊಸೆ ಅಳು ನಿಲ್ಲಿಸಿದಳು.

ಆಮೇಲಿನ ದಿನಗಳಲ್ಲಿ ಹಿಡಿಕೆಯಕ್ಕ ಮಲಗಿದಳು. ಹೊಲಿಗೆ ಬಿಚ್ಚಿದ ಬಟ್ಟೆಗಳು ಟ್ರಂಕಿನ ಮೇಲೆ ಹಾಗೇ ಬಿದ್ದಿದ್ದವು. ಮತ್ತೆ ಸೂಜಿ ಹಿಡಿಯಲು ಮನಸ್ಸು ಬರಲಿಲ್ಲ. ಕಾರ್ಖಾನೆಯ ಸೈರನ್ನಿನ ಹೊತ್ತಿಗೆ ಮೈ ತಾನಾಗಿ ಎದ್ದು ಕೂರುತ್ತಿತ್ತು. ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಅದಕ್ಕೆ ತಿಳಿಹೇಳಿ ಮತ್ತೆ ಮಲಗಿಸುತ್ತಿದ್ದಳು. ಸೊಸೆ ಪ್ಲಾಸ್ಟಿಕ್ ಚೀಲ ಹಿಡಿದು ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಮೊದಲಿಗಿಂತ ತಡವಾಗಿ ಬರುತ್ತಿದ್ದಳು. ಕೇಳಿದರೆ, "ಜಿಪ್ಪಿನತ್ತೆ ಜೊತೆ ಮಾತಾಡ್ತಾ ನಿಂತಿದ್ದೆ," ಎನ್ನುತ್ತಿದ್ದಳು. ಏನು ಮಾತು ಎಂದು ಹೇಳುತ್ತಿರಲಿಲ್ಲ.

ಹಿಡಿಕೆಯಕ್ಕನ ಕನ್ನಡಕ ಮೆಷಿನ್ನಿನ ಡ್ರಾಯರಿನಲ್ಲೇ ಉಳಿದಿತ್ತು. ಒಂದು ಸಂಜೆ ಅದನ್ನು ಕೇಳಲು ಹೋದಳು. ಗೇಟಮ್ಮ ಕಂಬಿಯ ಆಚೆಯಿಂದ, "ಪಾಳಿ ಬಿಡಲಿ ಅಕ್ಕ, ತರಿಸ್ತೀನಿ. ಅಲ್ಲಿ ನಿಂತಿರು," ಎಂದಳು. ಹಿಡಿಕೆಯಕ್ಕ ರಸ್ತೆಯ ಆಚೆ ಬದಿಯ ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಸೈರನ್ ಆಯಿತು. ಕಂಬಿಯ ಆಚೆ ಕಾರ್ಖಾನೆಯ ಬಾಗಿಲು ತೆರೆಯಿತು. ಹೆಂಗಸರು ಸಾಲಾಗಿ ಬಂದರು.

ಮೊದಲಿಗೆ ಅವಳಿಗೆ ಅರ್ಥವಾಗಲಿಲ್ಲ. ಕನ್ನಡಕ ಇಲ್ಲದ ಕಣ್ಣಿಗೆ ಮಸುಕು ಮಸುಕು. ಯಾವತ್ತೂ ಸೊಂಟದ ಕೆಳಗೆ, ತೊಡೆಗೆ ಅಂಟಿಸಿಕೊಂಡು ಬರುತ್ತಿದ್ದ ಚೀಲಗಳು ಇವತ್ತು ಮೇಲಿದ್ದವು. ಎಲ್ಲರೂ ಕೈ ನೀಡಿ, ಚೀಲವನ್ನು ಮುಖದ ಎತ್ತರಕ್ಕೆ ಹಿಡಿದಿದ್ದರು. ಚೀಲದಲ್ಲಿ ಕೆಂಪು ಕಂಡಿತು. ಡಬ್ಬಿಗಳನ್ನು ಕೆಳಗೆ ಹಾಕಿ, ಬಳಸಿದ ಬಟ್ಟೆಗಳನ್ನು, ಪ್ಯಾಡುಗಳನ್ನು ಮೇಲೆ ಇಟ್ಟಿದ್ದರು. ಬಿಡಿಸಿ ಇಟ್ಟಿದ್ದರು. ಒಬ್ಬಳದ್ದಲ್ಲ, ಇಬ್ಬರದ್ದಲ್ಲ, ಸಾಲಿಗೆ ಸಾಲೇ.

ಎಲ್ಲಕ್ಕಿಂತ ಮುಂದೆ ಸೊಸೆ ಇದ್ದಳು.

ಗೇಟಿನಲ್ಲಿ ನಿಂತಿದ್ದ ಪಾಳಿ ಸಾಹೇಬ ಒಂದು ಹೆಜ್ಜೆ ಹಿಂದಕ್ಕೆ ಹೋದ. "ಏಯ್! ಏನಿದು ಅಸಹ್ಯ? ಕೆಳಗಿಳಿಸ್ರೀ!"

ಸೊಸೆಯ ದನಿ ನಡುಗುತ್ತಿತ್ತು. ರಸ್ತೆಯ ಆಚೆಗೂ ಆ ನಡುಕ ಕೇಳಿತು. "ನೋಡಿ ಸಾರ್. ನೋಡಬೇಕು ಅಂತ ತಾನೇ ನಿಲ್ಲೋದು ನೀವು? ಪೆನ್ನು ತಗೊಳ್ಳಿ. ಎತ್ತಿ ನೋಡಿ. ಒಳಗೆ ದಾರದ ಉಂಡೆ ಇರಬೋದು."

ಅವನು ಮುಖ ತಿರುಗಿಸಿದ. ತಿರುಗಿಸಿದ ಕಡೆ ಜಿಪ್ಪು ಕೂರಿಸುವವಳು ನಿಂತಿದ್ದಳು. ಅವಳ ಚೀಲವೂ ಕೆಂಪಗಿತ್ತು.

"ನಂದು ನಿಂತು ಯಾವ ಕಾಲ ಆಯ್ತೋ ಸಾರ್. ಇದು ಪಕ್ಕದೋಳ ಹತ್ರ ಸಾಲ ತಂದಿದ್ದು. ಬರಿಗೈಲಿ ಬಂದ್ರೆ ಕಳ್ಳಿ ಅಂತೀರಲ್ಲ ಅಂತ."

ಸಾಲಿನಲ್ಲಿ ಕೆಲವರು ನಕ್ಕರು. ಕತ್ತರಿಸುವ ಗಂಡಸರು ನಗಲಿಲ್ಲ. ನೆಲ ನೋಡುತ್ತಿದ್ದರು. ಒಬ್ಬ ತನ್ನ ಟೋಪಿ ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ.

"ಗೇಟು ತೆಗಿಯೇ! ಬಿಟ್ಟು ಕಳಿಸು ಎಲ್ಲರನ್ನೂ!" ಎಂದು ಪಾಳಿ ಸಾಹೇಬ ಗೇಟಮ್ಮನ ಮೇಲೆ ಕಿರುಚಿದ.

ಗೇಟಮ್ಮ ಕೈ ತೊಳೆದು ಒರೆಸಿಕೊಳ್ಳುವವಳ ಹಾಗೆ ನಿಧಾನವಾಗಿ ಎರಡೂ ಅಂಗೈಗಳನ್ನು ಬಟ್ಟೆಗೆ ಉಜ್ಜಿದಳು. "ಹಂಗೆ ಬಿಡೋಕಾಗಲ್ಲ ಸಾರ್. ತಪಾಸಣೆ ಆಗ್ಬೇಕು. ನೀವೇ ಮಾಡಿದ ಕಾನೂನು," ಎಂದಳು. ಒಬ್ಬೊಬ್ಬಳ ಚೀಲವನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದೆ ಮುಂದೆ ನೋಡಿದಳು. ಪ್ರತಿಯೊಂದಕ್ಕೂ, "ಇದು ಸರಿ ಇದ್ಯಾ ಸಾರ್?" ಎಂದು ಅವನನ್ನೇ ಕೇಳಿದಳು. ಅವನು ಎಷ್ಟು ಹೊತ್ತು ನಿಂತಾನು? ಕರ್ಚೀಫು ಮೂಗಿಗೆ ಒತ್ತಿಕೊಂಡು ಮುಂದಿನ ಗೇಟಿನ ಕಡೆ ಹೋದ.

ಆಮೇಲೆ ಅವನು ಹಿಂದಿನ ಗೇಟಿನಲ್ಲಿ ನಿಲ್ಲುವುದು ಬಿಟ್ಟ. ಪಾಯಿಖಾನೆಗೆ ಮುಚ್ಚಳವಿದ್ದ ಬುಟ್ಟಿ ಬಂತು. ಪ್ಲಾಸ್ಟಿಕ್ ಚೀಲದ ಕಾನೂನು ಹೋಗಲಿಲ್ಲ. ಹಿಡಿಕೆಯಕ್ಕನನ್ನು ಮತ್ತೆ ಕರೆಯಲಿಲ್ಲ. ಅವಳ ಮೆಷಿನ್ನಿಗೆ ಬೇರೆ ಯಾರೋ ಬಂದರು. ಇಷ್ಟೇ ಸಿಕ್ಕಿದ್ದು. ಇಷ್ಟಕ್ಕೇ ಇಷ್ಟೆಲ್ಲ ಮಾಡಬೇಕಾಗಿತ್ತು.

ಆದರೆ ಆ ಸಂಜೆ ಅದೊಂದೂ ಗೊತ್ತಿರಲಿಲ್ಲ. ಸೊಸೆ ರಸ್ತೆ ದಾಟಿ ಬಂದಳು. ಬಂದು ಅತ್ತೆಯ ಎದುರು ನಿಂತಳು. ಮುಖ ಬಿಳಿಚಿತ್ತು. ಗೇಟು ಹಿಂದೆ ಉಳಿದಿದ್ದರೂ ಅವಳ ಕೈ ಇನ್ನೂ ಮೇಲೇ ಇತ್ತು. ಚೀಲವನ್ನು ಮುಖದ ಎತ್ತರಕ್ಕೆ ಹಾಗೇ ಹಿಡಿದಿತ್ತು.

"ಸಾಕು ಕಣೇ. ಇಳಿಸು."

"ಇಳೀತಿಲ್ಲ ಅತ್ತೆ. ಮರಗಟ್ಟಿಬಿಟ್ಟಿದೆ."

ಹಿಡಿಕೆಯಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೀಲವನ್ನು ತಾನು ತೆಗೆದುಕೊಂಡಳು. ಮುಚ್ಚಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಸೊಸೆಯ ಮೊಣಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಭುಜ ತಿಕ್ಕಿದಳು.

"ಬಾ, ಬಸ್ಸು ಹೋಗ್ಲಿ. ಸ್ವಲ್ಪ ಕೂತ್ಕೊಳ್ಳೋಣ," ಎಂದಳು. ಇಬ್ಬರೂ ಗೋಡೆಯ ಬುಡದಲ್ಲಿ ಕಾಲು ಚಾಚಿ ಕೂತರು.